ಚೆಲುವಿಗೆ ಜಾಲಿಕೊಂಬೆ

ಚೆಲುವಿ ಎಂಬ ಕತ್ತೆ ಚನ್ನಬಸಮ್ಮನವರ ಹೊಸ ಬಾಗಿಲನ್ನು ಅಂಗೈಯಗಲ ಕೆರೆದು ತಿಂದದ್ದು ಬೆಳಿಗ್ಗೆ ಏಳು ಗಂಟೆಗೆ. ಏಳೂಕಾಲಿಗೆಲ್ಲ ನಂಜನಗೂಡಿನ ಆ ಬೀದಿ ಪೂರ್ತಿ ಅದರ ಯಜಮಾನ, ಇಸ್ತ್ರಿ ಅಂಗಡಿ ಚಾಮಯ್ಯನ ಮನೆ ಮುಂದೆ ನಿಂತಿತ್ತು.

“ಸಂಜೆ ಒಳಗೆ ಇದು ಬೀದಿ ಬುಡಬೇಕು ಚಾಮಣ್ಣ. ಇಲ್ದಿದ್ರೆ ನಗರಸಭೆಯೋರ್ನ ಕರೀತೀನಿ,” ಎಂದರು ಚನ್ನಬಸಮ್ಮ.

ಹೊಳೆಯಿಂದ ಬಟ್ಟೆ ಹೊತ್ತು ಹೊತ್ತು ಚಾಮಯ್ಯನ ಸಂಸಾರ ಸಾಕಿದ ಕತ್ತೆ ಅದು. ಮೊಪೆಡ್ ಬಂದ ಮೇಲೆ ಪೆನ್ಷನ್ ಮೇಲಿತ್ತು. ಅದನ್ನು ಅಟ್ಟುವುದೆಂದರೆ ಹೆತ್ತ ತಾಯಿಯನ್ನು ಯಾವುದೋ ಬಸ್ಸಿಗೆ ಹತ್ತಿಸಿ ಬಂದಂತೆ. ಪಶುವೈದ್ಯ ದೀಪಕ್‌ಗೆ ಫೋನು ಮಾಡಿದ.

“ಕತ್ತೆ ಅಂದ್ಮೇಲೆ ಮರ ಅಗೀಲೇಬೇಕು ಚಾಮಯ್ಯ. ಜಾಲಿಕೊಂಬೆ ತಂದು, ಮುಳ್ಳು ಸವರಿ, ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಕೊಡಿ. ಬಣ್ಣ, ಪಾಲಿಶ್ ಹಚ್ಚಿದ ಮರ ಬೇಡ. ಕಣಗಿಲೆಯಂತೂ ಹತ್ರ ಸೇರಿಸ್ಬೇಡಿ. ಎಲೆ ಒಣಗಿದ್ರೂ ವಿಷ.”

ಸ್ಪೀಕರ್ ಹಾಕಿದ್ದೇ ತಪ್ಪಾಯಿತು. ಬೀದಿಯವರ ಕಿವಿಗೆ ಬಿದ್ದದ್ದು ‘ಕತ್ತೆಗೆ ಮರ ಬೇಕು’ ಎಂಬುದಷ್ಟೇ. ಹತ್ತು ನಿಮಿಷದಲ್ಲಿ ಮುರಿದ ಮಂಚದ ಕಾಲು, ಹಸಿರು ಬಣ್ಣದ ಕಿಟಕಿ, ಒಂದು ಒಡಕು ಕೇರಂ ಬೋರ್ಡು ಬಂದು ಬಿದ್ದವು. ಚಾಮಯ್ಯ ಕಿಟಕಿ ಹೊತ್ತು ಆಚೆ ಹಾಕುವಷ್ಟರಲ್ಲಿ ರಿಟೈರ್ಡ್ ಮೇಷ್ಟ್ರು ಗೋವಿಂದಯ್ಯ ಒಂದು ತೆಕ್ಕೆ ಸೊಪ್ಪು ತಂದು ಚೆಲುವಿಯ ಮೂಗಿಗೇ ಹಿಡಿದರು. ಚಾಮಯ್ಯ ಹಾರಿ ಅದನ್ನು ಕಿತ್ತುಕೊಂಡ ರಭಸಕ್ಕೆ ಸೊಪ್ಪಿನ ಸಮೇತ ಚರಂಡಿಗೆ ಬಿದ್ದ.

“ನಮ್ಮನೆ ಸೊಪ್ಪು ನಿನ್ನ ಕತ್ತೆ ಅಂತಸ್ತಿಗೆ ಸಾಲ್ದೇನಯ್ಯ?”

“ಅದು ಕಣಗ್ಲೆ ಸಾ! ಸತ್ತೋಯ್ತದೆ!”

“ನಲವತ್ತು ವರ್ಷದಿಂದ ಪೂಜೆಗೆ ಕೀಳ್ತಿದೀನಿ. ನಂಗೇನಾಗಿದೆ?”

“ನೀವು ತಿಂದಿಲ್ವಲ್ಲ ಸಾ!”

ಮೇಷ್ಟ್ರು ಮುಖ ಊದಿಸಿಕೊಂಡು ಹೋದರು. ಚಾಮಯ್ಯ ಮೈ ತೊಳೆದುಕೊಂಡು ಹೆಡತಲೆ ಎಂಬ ಊರಿನಲ್ಲಿದ್ದ ಭಾವಮೈದುನನ ಹೊಲಕ್ಕೆ ಮೊಪೆಡ್ ಓಡಿಸಿದ. ಬದುವಿನ ಜಾಲಿ ಕಡಿದು, ಹೊರೆ ಕಟ್ಟಿ ಮೂರು ಗಂಟೆಗೆ ವಾಪಸು ಬಂದಾಗ, ಮುಳ್ಳುಹಂದಿಯೊಂದು ಮೊಪೆಡ್ ಸವಾರಿ ಮಾಡಿದಂತಿತ್ತು. ಅಂಗಿ ಚಿಂದಿಯಾಗಿತ್ತು, ಬೆನ್ನು ಗೀರುಗೀರಾಗಿತ್ತು.

ಒಂದೊಂದೇ ಮುಳ್ಳು ಸವರಿ ಕೊಂಬೆಯನ್ನು ಮುಂದಿಟ್ಟ. ಬೀದಿ ಉಸಿರು ಬಿಗಿಹಿಡಿದು ನೋಡಿತು. ಚೆಲುವಿ ಮೂಸಿತು, ಸೀನಿತು, ಆಮೇಲೆ ಬಾಳೆಹಣ್ಣು ಸುಲಿದಂತೆ ತೊಗಟೆ ಸುಲಿದು ತಿನ್ನತೊಡಗಿತು. ಚನ್ನಬಸಮ್ಮ ಪರೀಕ್ಷೆಗೆಂದು ಅದನ್ನು ತಮ್ಮ ಬಾಗಿಲ ತನಕ ಎಳೆದೊಯ್ದರು. ಅದು ಬಾಗಿಲ ಕಡೆ ಕತ್ತೆತ್ತಿಯೂ ನೋಡದೆ ಕೊಂಬೆಯ ಹತ್ತಿರ ಓಡಿ ಬಂತು.

“ನಿನ್ನ ಇದ್ಯೆ ದೊಡ್ಡದು ಕಣಪ್ಪ. ಚೆಲುವಿ ಇಲ್ಲೇ ಇರ್ಲಿ,” ಎಂದು ಚನ್ನಬಸಮ್ಮ ಫೋನು ಹಿಡಿದು ಒಳಗೆ ಹೋದರು. ಚಾಮಯ್ಯನ ಕಣ್ಣು ಒದ್ದೆಯಾಯಿತು.

ಹೊತ್ತು ಮುಳುಗುವ ಮುಂಚೆ ಗೂಡ್ಸ್ ಆಟೋ ಒಂದು ಬಂದು ನಿಂತಿತು. ಒಳಗಿನಿಂದ ಎರಡು ಕತ್ತೆಗಳು ಇಳಿದವು.

“ನನ್ನ ತಮ್ಮ ತಲಕಾಡಿಂದ ಕಳ್ಸವ್ನೆ. ಅವನಿಗೆ ನಿನ್ನಂಗೆ ಸಾಕಕ್ಕೆ ಬರಾಕಿಲ್ಲ. ಒಂದ್ ತಿಂಗ್ಳು ನಿನ್ ತಾವ್ಲೇ ಇರ್ಲಿ,” ಎಂದರು ಚನ್ನಬಸಮ್ಮ, ವರ ಕೊಟ್ಟವರಂತೆ.

ಬಾಯಿ ಬಿಟ್ಟುಕೊಂಡು ನಿಂತ ಚಾಮಯ್ಯನ ಹೆಗಲ ಮೇಲೆ ಆಟೋ ಡ್ರೈವರ್ ಕೈಯಿಟ್ಟು ಸಮಾಧಾನ ಹೇಳಿದ: “ಎದ್ರುಕೋಬೇಡಿ ಅಣ್ಣ, ಇವೆರಡೂ ಸಾಧು. ಬಾಗ್ಲು ತಿನ್ನೋವು ಹಿಂದಿನ ಗಾಡೀಲಿ ಬತ್ತಾವೆ.”