ವಾಗಿಯೊ ವಾಗಿಯೊನ ಎರಡು ಸೀಟು

ಜಾವಾದ ಸೆಮಾರಾಂಗಿನ ಆ ಓಣಿಯಲ್ಲಿ ಕೊಡೆ ರಿಪೇರಿ ಮಾಡುವ ವಾಗಿಯೊಗೆ ಅಪ್ಪ ಅಮ್ಮ ಇಟ್ಟದ್ದು ಒಂದೇ ಹೆಸರು. ಮನೆತನದ ಹೆಸರೆಂಬುದು ಅವನ ಕುಲದಲ್ಲೇ ಇರಲಿಲ್ಲ. ಹೋದ ವರ್ಷ ರೈಲು ಟಿಕೆಟ್ಟಿಗೆಂದು ಫೋನು ತೆರೆದರೆ, ಎರಡನೆಯ ಹೆಸರಿಲ್ಲದೆ ಮುಂದೆ ಬಿಡಲೊಲ್ಲೆ ಎಂದು ಅದು ಹಟ ಹಿಡಿಯಿತು. ಒಂಟಿ ಹೆಸರಿನವರೆಲ್ಲ ಮಾಡುವಂತೆ ಅವನೂ ಇದ್ದುದನ್ನೇ ಎರಡು ಸಲ ಬರೆದ. ವಾಗಿಯೊ ವಾಗಿಯೊ.

ಬುಧವಾರ ಬೆಳಿಗ್ಗೆ, ರೈಲಿಗೂ ಹಾಡು ಕುಣಿತಕ್ಕೂ ಟಿಕೆಟ್ ಮಾರುವ ಆ ಕಂಪನಿಯ ಗಿರಾಕಿಗಳ ಪಟ್ಟಿಯನ್ನು ಯಾರೋ ಕದ್ದು ಊರಿಗೆಲ್ಲ ಹರಡಿದರು. ‘ನಿಮ್ಮ ಗುಟ್ಟೇ ನಮ್ಮ ಪ್ರಾಣ’ ಎಂದು ಒಂದು ಸಾಲು ಬರೆದು ಕಂಪನಿ ಕೈತೊಳೆದುಕೊಂಡಿತು. ಕಳ್ಳನನ್ನು ಯಾರೂ ಕೇಳಲಿಲ್ಲ, ಕಾವಲಿದ್ದವನನ್ನೂ ಕೇಳಲಿಲ್ಲ. ಓಣಿ ಕೊರಳಪಟ್ಟಿ ಹಿಡಿದದ್ದು ಕಳಕೊಂಡವನದು.

“ಅಯ್ಯೋ ಪಾಯಿನೆಮ್, ನೋಡೇ ಇಲ್ಲಿ!” ಪಕ್ಕದ ಮನೆಯ ಸುಮಾರ್ನಿ ಫೋನು ಹಿಡಿದೇ ವಾಗಿಯೊನ ಹೆಂಡತಿಯ ಬಳಿ ಓಡಿಬಂದಳು. “ವಾಗಿಯೊ ವಾಗಿಯೊ! ಶನಿವಾರದ ಡಾಂಗ್‌ಡುಟ್ ಹಾಡು ಕುಣಿತ. ಮುಂದಿನ ಸಾಲು, ಎರಡು ಸೀಟು!”

ಪಾಯಿನೆಮ್ ಗಂಡನತ್ತ ತಿರುಗಿದಳು. “ರೀ ಮಾಸ್, ಇನ್ನೊಂದು ಸೀಟು ಯಾವಳಿಗೆ?”

“ನಾನು ತಗೊಂಡೇ ಇಲ್ಲ ಕಣೇ! ಜಾವಾ ತುಂಬ ವಾಗಿಯೊಗಳಿದ್ದಾರೆ!”

“ಇದ್ದಾರಪ್ಪ,” ಎಂದಳು ಸುಮಾರ್ನಿ. “ಎರಡೆರಡು ಸಲ ಇರೋನು ಈ ಓಣೀಲಿ ನೀನೊಬ್ನೇ.”

ಪಾಯಿನೆಮ್ ತೌರಿಗೆ ಹೊರಡಲು ಚೀಲ ತುಂಬತೊಡಗಿದಳು. ವಾಗಿಯೊ ಕಾದ ಎಣ್ಣೆಗೆ ಬಿದ್ದ ಸೀಗಡಿಯಂತೆ ಒಳಗೂ ಹೊರಗೂ ಹಾರಾಡಿದ. ನಿದ್ದೆಗಣ್ಣಲ್ಲಿ ತಾನೇ ಕೊಂಡಿದ್ದರೆ? ಕೊಂಡಿದ್ದರೆ, ಯಾರಿಗೆ? ಮಧ್ಯಾಹ್ನದ ಹೊತ್ತಿಗೆ ಓಣಿಯ ಬಾಯಲ್ಲಿ ಆ ‘ಅವಳಿಗೆ’ ಗುಂಗುರು ಕೂದಲು ಬಂತು; ಮೂರು ಗಂಟೆಗೆ ಮೀನುಪೇಟೆಯ ಹಿಂದೆ ಒಂದು ಮನೆಯೂ ಆಯಿತು.

ಕೊನೆಗೆ ಓಣಿಯ ಮುಖಂಡ ಪಾಕ್ ಹಾರ್ಜೊನೊ ಕರಿದ ತೋಫು ಮೆಲ್ಲುತ್ತ ಪಂಚಾಯ್ತಿಗೆ ಕೂತ. ತೋಫು ಕಟ್ಟಿಕೊಟ್ಟ ಕಾಗದ ಯಾರದೋ ಗುರುತಿನ ಚೀಟಿಯ ಜೆರಾಕ್ಸ್. ಅದನ್ನು ನೋಡಿಯೇ ಅವನಿಗೆ ಉಪಾಯ ಹೊಳೆದದ್ದು.

“ಪಟ್ಟೀಲಿ ಆ ಟಿಕೆಟ್ಟಿನ ಮುಂದೆ ಚೀಟಿ ನಂಬರು, ಹುಟ್ಟಿದ ದಿನ, ತಾಯಿ ಹೆಸರು ಎಲ್ಲಾ ಇದೆ. ನಿಂದೂ ತೋರಿಸ್ಬಿಡೋ. ತಾಳೆ ಆಗ್ದಿದ್ರೆ ನೀನು ಅಪ್ಪಟ ಚಿನ್ನ.”

ವಾಗಿಯೊ ಚೀಟಿ ತಂದ, ತಾಯಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದ, ಎರಡನ್ನೂ ಎದೆಗೆ ಹಿಡಿದು ನಿಂತ. ಮುಖಂಡ ಫೋಟೊ ಹೊಡೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಓಣಿ ಅದನ್ನು ನೆಂಟರಿಗೆ ಕಳಿಸಿತು, ನೆಂಟರು ಲೋಕಕ್ಕೆ: ‘ನಮ್ಮ ವಾಗಿಯೊ ನಿರಪರಾಧಿ!’

ನಂಬರು ತಾಳೆಯಾಗಲಿಲ್ಲ. ಟಿಕೆಟ್ ಕೊಂಡವನು ಸುರಬಾಯದ ಇನ್ಯಾವನೋ ವಾಗಿಯೊ. ಸುಮಾರ್ನಿಯ ಮುಖ ಸಪ್ಪಗಾಯಿತು. ಪಾಯಿನೆಮ್ ಚೀಲ ಬಿಚ್ಚಿ, ಬಿಸಿಬಿಸಿ ಸೋಯಾ ಟೆಂಪೆ ಕರಿದು, “ತಪ್ಪಾಯ್ತು ಮಾಸ್, ತಿನ್ನಿ” ಎಂದು ತಟ್ಟೆ ಮುಂದಿಟ್ಟಳು.

ಮೊದಲ ತುತ್ತು ಬಾಯಿಗಿಡುವಾಗ ಅವನ ಫೋನು ಟಿಣ್ ಎಂದಿತು. ಅವನ ಕೈಯೆಲ್ಲ ಎಣ್ಣೆ. ಪಾಯಿನೆಮ್ಮಳೇ ಎತ್ತಿಕೊಂಡು ಗಟ್ಟಿಯಾಗಿ ಓದಿದಳು:

“ವಾಗಿಯೊ ವಾಗಿಯೊ ಅವರೇ, ನೀವು ಈಗಷ್ಟೇ ಕಳಿಸಿದ ಫೋಟೊದಲ್ಲಿ ಚೀಟಿ ನಂಬರು, ತಾಯಿಯ ಹೆಸರು ಎಲ್ಲ ಸರಿಯಾಗಿವೆ. ಶನಿವಾರ, ಮುಂದಿನ ಸಾಲು, ಎರಡು ಸೀಟು ನಿಮ್ಮವು. ನಮ್ಮಲ್ಲಿ ನಂಬಿಕೆಯಿಟ್ಟದ್ದಕ್ಕೆ ವಂದನೆ.”

ಟೆಂಪೆಯ ತಟ್ಟೆ ಬಂದ ದಾರಿಯಲ್ಲೇ ವಾಪಸು ಹೋಯಿತು. ಗೋಡೆಯಾಚೆಯಿಂದ ಸುಮಾರ್ನಿಯ ಉಬ್ಬಿದ ದನಿ ಕೇಳಿಸಿತು:

“ಗುಂಗುರು ಕೂದಲೋಳು ಅಂತ ನಾನಾಗ್ಲೇ ಹೇಳ್ಲಿಲ್ವಾ?”