ಪುಕ್ಕಲಿಯ ಒಳ್ಳೆಯ ಯೋಚನೆಗಳು

ಹೆದರದೆ ಇರುವುದು ಹೇಗೆ ಎಂದು ಹೇಳಿಕೊಡುವವರು ಊರು ತುಂಬ ಸಿಗುತ್ತಾರೆ. ಹೆದರುವುದು ಹೇಗೆ ಎಂದು ಕಲಿಯಬೇಕಾದರೆ ಮಾತ್ರ ನನ್ನಂಥವರ ಹತ್ತಿರವೇ ಬರಬೇಕು. ನಾನು ಹುಟ್ಟುಪುಕ್ಕಲಿ. ಕುಕ್ಕರು ಕೂಗುವ ಮೊದಲೇ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ, ಎತ್ತುವ ಮುಂಚೆಯೇ ಯಾರಿಗೆ ಏನಾಯಿತೋ ಎಂದು ಕಣ್ಣಲ್ಲಿ ನೀರು ತಂದುಕೊಂಡಿರುತ್ತೇನೆ. ಆ ಕಡೆ ಸಾಲ ಬೇಕೇ ಎಂದು ಕೇಳುವ ಹುಡುಗಿ ನನ್ನ ಬಿಕ್ಕಳಿಕೆ ಕೇಳಿ ಗಾಬರಿಯಾಗಿ, ‘ಮೇಡಂ, ನೀರು ಕುಡೀರಿ’ ಎಂದು ಸಮಾಧಾನ ಮಾಡಿದ್ದೂ ಉಂಟು.

ಇಂಥ ನನಗೆ ಕನ್ನಡ ಟೀಚರ್ ಕೆಲಸ ಸಿಕ್ಕಿದ್ದು ವಂಡ್ಸೆಯ ಕಡೆಯ ಒಂದು ಪ್ರೌಢಶಾಲೆಯಲ್ಲಿ. ನಾನು ಬೆಳೆದದ್ದು ಚಿತ್ರದುರ್ಗದ ಬಯಲಿನಲ್ಲಿ. ಅಲ್ಲಿ ಎದುರಿಗೆ ಬರುವ ಅಪಾಯ ದೂರದಿಂದಲೇ ಕಾಣುತ್ತದೆ, ಓಡುವುದಕ್ಕೆ ಸಾಕಷ್ಟು ಹೊತ್ತು ಸಿಗುತ್ತದೆ. ಇಲ್ಲಿ ಹಾಗಲ್ಲ. ಎಲ್ಲ ಕಡೆ ಹಸಿರು, ಪ್ರತಿಯೊಂದು ಹಸಿರಿನ ಹಿಂದೆಯೂ ಏನೋ ಸರಪರ ಸದ್ದು. ಕುಂದಾಪುರದಿಂದ ಬರುವ ಖಾಸಗಿ ಬಸ್ಸೋ, ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೂ ಹೆದ್ದಾರಿಯಲ್ಲೇ ಇದ್ದೇನೆ ಎಂದುಕೊಂಡು ಓಡುತ್ತದೆ. ಮೊದಲ ವಾರವೇ ವರ್ಗಾವಣೆ ಕೇಳುವುದು ಹೇಗೆಂದು ವಿಚಾರಿಸಿದೆ. ಕೆಲಸಕ್ಕೆ ಸೇರಿ ಇನ್ನೂ ಸಂಬಳವನ್ನೇ ಕಾಣದವಳ ಬಾಯಿಂದ ಈ ಪ್ರಶ್ನೆ ಕೇಳಿ ಗುಮಾಸ್ತರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು.

ಅಷ್ಟರಲ್ಲಿ ಕುಂದಾಪುರದಲ್ಲಿ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ತರಬೇತಿ ಕೊಡಲು ಬಂದಿದ್ದವರು ನಗುಮುಖದ ಮಹಾನುಭಾವರು. ಬೆಳಿಗ್ಗೆ ಎದ್ದ ಕೂಡಲೇ ಒಂದು ಒಳ್ಳೆಯ ಮಾತು ಹೇಳಿಕೊಳ್ಳಿ, ಯಾರು ಏನೇ ಹೇಳಿದರೂ ಅದರಲ್ಲಿರುವ ಒಳ್ಳೆಯ ಅರ್ಥವನ್ನೇ ಹಿಡಿಯಿರಿ, ಮಲಗುವ ಮುಂಚೆ ಆ ದಿನ ನಡೆದ ಒಳ್ಳೆಯದನ್ನೆಲ್ಲ ಗಟ್ಟಿಯಾಗಿ ನೆನೆಯಿರಿ, ಬದುಕೇ ಬದಲಾಗುತ್ತದೆ ಎಂದರು. ಉಳಿದವರೆಲ್ಲ ಊಟದ ಬಿಡುವಿನಲ್ಲಿ ಇದನ್ನು ಅಲ್ಲೇ ಬಿಟ್ಟು ಬಂದರು. ನಾನು ಮುಳುಗುತ್ತಿದ್ದವಳು, ಗಟ್ಟಿಯಾಗಿ ಹಿಡಿದುಕೊಂಡೆ.

ನಿಜ ಹೇಳುತ್ತೇನೆ, ಉಪಯೋಗವಾಯಿತು. ಬಸ್ಸು ತಿರುವಿನಲ್ಲಿ ವಾಲಿದಾಗ ‘ಈ ಡ್ರೈವರಿಗೂ ಹೆಂಡತಿ ಮಕ್ಕಳ ಮುಖ ನೋಡುವ ಆಸೆ ಇದೆ’ ಎಂದುಕೊಂಡೆ, ಕಂಬಿ ಹಿಡಿದ ಕೈ ಸ್ವಲ್ಪ ಸಡಿಲವಾಯಿತು. ರಾತ್ರಿ ನನ್ನ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಕೂತು ಆ ದಿನದ ಒಳ್ಳೆಯದನ್ನು ಗಟ್ಟಿಯಾಗಿ ಹೇಳಿಕೊಂಡರೆ ನಿದ್ದೆಯೂ ಬರತೊಡಗಿತು. ನಾನು ಬಾಡಿಗೆಗಿದ್ದದ್ದು ಗಿರಿಜಕ್ಕನ ಮನೆಯ ಪಕ್ಕದ ಭಾಗದಲ್ಲಿ. ಆಕೆಯ ಗಂಡ ಮಂಜಣ್ಣ ಮುಂಬಯಿಯಲ್ಲಿ ಬಹಳ ಕಾಲ ಹೋಟೆಲಿನಲ್ಲಿದ್ದು ಬಂದು, ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟಿದ್ದರು. ಕನ್ನಡ ಟೀಚರು ಎಂಬ ಗೌರವಕ್ಕೆ ಇಬ್ಬರೂ ನನ್ನ ಹತ್ತಿರ ತಡೆದು ತಡೆದು ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಶಾಲೆಯ ಮಕ್ಕಳೂ ಅಷ್ಟೇ. ಹಾಗಾಗಿ ಈ ಊರಿನ ನಿಜವಾದ ಮಾತು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ಅದು ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ. ಹೆಗಲ ಮೇಲೆ ಟವೆಲು ಹಾಕಿಕೊಂಡು ಅಂಗಳದಾಚೆಯ ಬಚ್ಚಲಮನೆಗೆ ಹೊರಟಿದ್ದೆ. ಗಿರಿಜಕ್ಕ ಆ ಕಡೆಯಿಂದ ಓಡುತ್ತ ಬಂದು, ‘ಹ್ವಾಯ್ ಟೀಚರೇ, ಬಚ್ಲಂಗೆ ಹಾವ್ ಇತ್ತ್!’ ಎಂದು ಕೂಗಿ, ಹಾಗೆಯೇ ಗಂಡನನ್ನು ಕರೆಯಲು ರಸ್ತೆಯ ಕಡೆಗೆ ಹೋದರು.

ಹಳೆಯ ನಾನಾಗಿದ್ದರೆ ಮುಂದಿನ ಬಸ್ಸಿಗೆ ಚಿತ್ರದುರ್ಗಕ್ಕೆ ಹೋಗುತ್ತಿದ್ದೆ. ಈಗಿನ ನಾನು ನಿಂತು ಒಳ್ಳೆಯ ಅರ್ಥ ಹುಡುಕಿದೆ. ಇತ್ತು ಎಂದರಲ್ಲವೇ? ಭೂತಕಾಲ. ಒಂದು ಹಾವು ಇತ್ತು, ಈಗ ಹೋಗಿದೆ. ಹಾವು ಬಂದು ಹೋದ ಜಾಗಕ್ಕೆ ಅದೇ ಹಾವು ಇವತ್ತೇ ಮತ್ತೆ ಬರುವುದಿಲ್ಲ. ಆದ್ದರಿಂದ ಇಡೀ ವಂಡ್ಸೆಯಲ್ಲಿ ಈಗ ಎಲ್ಲಕ್ಕಿಂತ ಸುರಕ್ಷಿತವಾದ ಸ್ಥಳ ಈ ಬಚ್ಚಲು! ನನ್ನ ಬದಲಾವಣೆಯನ್ನು ನಾನೇ ಮೆಚ್ಚಿಕೊಳ್ಳುತ್ತ ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದೆ. ಮೂಲೆಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಟವೆಲು ಗೂಟಕ್ಕೆ ಹಾಕಿ ತಿರುಗಿದೆ.

ಹಂಡೆಗೂ ಬಾಗಿಲಿಗೂ ನಡುವೆ, ಸೌದೆಯ ಮೇಲೆ, ಅದು ಇತ್ತು. ಸುಮ್ಮನೆ ಇರಲಿಲ್ಲ, ಹೆಡೆ ಎತ್ತಿಕೊಂಡಿತ್ತು.

ಜೀವಮಾನವಿಡೀ ಹೆದರಿದ್ದೇನಲ್ಲ, ಅದು ಯಾವುದೂ ಹೆದರಿಕೆಯಲ್ಲ ಎಂದು ಆಗ ತಿಳಿಯಿತು. ಕೂಗಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಕಲ್ಲಿನ ಮೇಲೆ ಯಾವಾಗ ಹತ್ತಿದೆನೋ ಗೊತ್ತಿಲ್ಲ. ಊರಿನಲ್ಲಿರುವ ಅಮ್ಮನಿಗೆ ಈ ಸುದ್ದಿಯನ್ನು ಯಾರು ಹೇಗೆ ಹೇಳುತ್ತಾರೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಹೊರಗೆ ಗಿರಿಜಕ್ಕನ ದನಿ ಕೇಳಿತು. ‘ಅಯ್ಯೋ ದೇವ್ರೇ! ಟೀಚರೇ, ಒಳ್ಗೆ ಹೋಯ್ರ್ಯಾ? ಹಾವ್ ಇತ್ತ್ ಅಂದೆ ಅಲ್ದಾ!’

‘ಇತ್ತು ಅಂದ್ರಿ!’ ಎಂದೆ, ನನ್ನದಲ್ಲದ ಒಂದು ಸಣ್ಣ ದನಿಯಲ್ಲಿ.

‘ಹೌದ್, ಇತ್ತ್!’

‘ಗಿರಿಜಕ್ಕ, ಈಗಲೂ ಇದೆ!’

‘ನಾನ್ ಹೇಳದ್ದೂ ಅದೇ ಅಲ್ದಾ, ಇತ್ತ್ ಅಂದೇಳಿ!’

ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂಬ ಪಾಠ ನನಗೆ ಆದದ್ದು ಹೀಗೆ, ಒಗೆಯುವ ಕಲ್ಲಿನ ಮೇಲೆ ನಿಂತು.

ಅಷ್ಟರಲ್ಲಿ ಮಂಜಣ್ಣ ಬಂದರು. ‘ಟೀಚರೇ, ಟೆನ್ಶನ್ ಮಾಡ್ಬೇಡಿ. ಅಲ್ಲಾಡ್ಬೇಡಿ. ಅದ್ಕೂ ಹೆದ್ರಿಕಿ ಆಯ್ತ್. ನೀರ್ ಹೋಪು ಕಿಂಡಿಗೆ ಇಟ್ಟ ಕಲ್ಲ್ ತೆಗಿತೆ, ಅದೇ ಹೋತ್ತ್’ ಎಂದರು. ಗೋಡೆಯ ಹೊರಗೆ ಅವರು ಕಲ್ಲನ್ನು ಅಲ್ಲಾಡಿಸುವ ಸದ್ದು ಕೇಳಿತು. ಸದ್ದಿಗೆ ಹೆಡೆ ಇನ್ನಷ್ಟು ಮೇಲೆದ್ದಿತು. ನನ್ನ ಕಾಲು ತಾನಾಗಿಯೇ ಕಲ್ಲಿನಿಂದ ಕೆಳಗಿಳಿದು ಬಾಗಿಲಿಗೆ ಓಡಲು ತಯಾರಾಗುತ್ತಿತ್ತು.

ಗಿರಿಜಕ್ಕನಿಗೆ ಅದು ಹೇಗೆ ಗೊತ್ತಾಯಿತೋ. ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದರು. ‘ಟೀಚರೇ, ದಿನಾ ಮಲ್ಕಂಬು ಮುಂಚೆ ಎಂತದೋ ಒಳ್ಳೆದ್ ಒಳ್ಳೆದ್ ಹೇಳ್ಕಂತ್ರಿ ಅಲ್ದಾ? ಈಗ ಅದ್ನೇ ಹೇಳಿ ಕಾಂಬ. ಮೆಲ್ಲಗೆ. ನಾನ್ ಕೇಂತೆ.’

ಅವರು ಕೇಳುತ್ತಿದ್ದಾರೆ ಎಂದುಕೊಂಡು ಹೇಳತೊಡಗಿದೆ. ನಿನ್ನೆ ಗಿರಿಜಕ್ಕ ಕೊಟ್ಟ ಕಡುಬು ಮೆತ್ತಗಿತ್ತು ಎಂದೆ. ಎಂಟನೆಯ ತರಗತಿಯ ಒಬ್ಬಳು ಪದ್ಯವನ್ನು ಒಂದೂ ತಪ್ಪಿಲ್ಲದೆ ಹೇಳಿದಳು ಎಂದೆ. ಕಂಡಕ್ಟರು ನಾನು ಓಡಿ ಬರುವುದನ್ನು ಕಂಡು ಬಸ್ಸು ನಿಲ್ಲಿಸಿದ ಎಂದೆ. ‘ಹ್ಞಾಂ, ಮತ್ತೆಂತ?’ ಎಂದು ಗಿರಿಜಕ್ಕ. ಅಮ್ಮ ಫೋನಿನಲ್ಲಿ ನಕ್ಕಳು. ‘ಮತ್ತೆಂತ?’ ನಿನ್ನೆ ಸಂಜೆ ಬಿಸಿಲು ಬಂತು, ಸೀರೆ ಒಣಗಿತು. ಹೇಳುತ್ತ ಹೋದಂತೆ ದನಿ ನನ್ನದೇ ಆಗುತ್ತ ಬಂತು. ಹೆದರಿಕೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ, ಆದರೆ ಕಾಲು ಕಲ್ಲಿನ ಮೇಲೆಯೇ ನಿಂತಿತು. ಅಷ್ಟೇ ಬೇಕಾಗಿದ್ದದ್ದು. ಕಿಂಡಿಯ ಕಲ್ಲು ಹೊರಗೆ ಬಿತ್ತು, ಬೆಳಕು ಒಳಗೆ ಬಂತು. ಹಾವು ಹೆಡೆ ಇಳಿಸಿ, ನನ್ನ ಕಡೆ ತಿರುಗಿಯೂ ನೋಡದೆ, ಸೌದೆಯಿಂದ ಇಳಿದು ಕಿಂಡಿಯಲ್ಲಿ ನುಸುಳಿ ಹೋಯಿತು. ಹೊರಗೆ ಮಂಜಣ್ಣ ಯಾರೋ ಹಿರಿಯರನ್ನು ಬೀಳ್ಕೊಡುವಂತೆ, ‘ಹೋಯ್ನಿ ಮಾರಾಯ್ರೆ, ಹೋಯ್ನಿ’ ಎನ್ನುತ್ತಿದ್ದರು.

ಚಿಲಕ ತೆಗೆದವಳು ಗಿರಿಜಕ್ಕನ ಮೇಲೆಯೇ ಬಿದ್ದೆ. ಜಗಲಿಯಲ್ಲಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು. ‘ನಾನು ರಾತ್ರಿ ಹೇಳಿಕೊಳ್ಳುವುದೆಲ್ಲ ನಿಮಗೆ ಕೇಳಿಸುತ್ತದೆಯೇ?’ ಎಂದು ನಾಚಿಕೆಯಿಂದ ಕೇಳಿದೆ. ‘ಗ್ವಾಡಿ ತೆಳು ಅಲ್ದಾ’ ಎಂದರು ಆಕೆ. ‘ನಂಗೂ ಮಲ್ಕಂಡ್ರೆ ಎಂತೆಂತದೋ ಹೆದ್ರಿಕಿ ಟೀಚರೇ. ನಿಮ್ದ್ ಕೇಂತಾ ಕೇಂತಾ ನಿದ್ರಿ ಬತ್ತಿತ್ತ್. ನಾಳಿಂದ ಸ್ವಲ್ಪ ಗಟ್ಟಿ ಹೇಳಿ ಅಕಾ?’ ಆವತ್ತಿನಿಂದ ನಾವು ಗೋಡೆ ಬಿಟ್ಟು ಜಗಲಿಯಲ್ಲೇ ಕೂತು, ಇಬ್ಬರೂ ಹೇಳಿಕೊಳ್ಳುತ್ತೇವೆ. ವರ್ಗಾವಣೆಯ ವಿಷಯವನ್ನು ನಾನು ಮತ್ತೆ ಕೇಳಲಿಲ್ಲ.

ಆದರೆ ಮಂಜಣ್ಣನ ಅಂಗಡಿಯಲ್ಲಿ ಚಹಾ ಕುಡಿದವರೆಲ್ಲರ ಮೂಲಕ ಸುದ್ದಿ ಹರಡಿತು. ಟೀಚರು ಹಾವು ಇದೆ ಎಂದು ಹೇಳಿದರೂ ಕೇಳದೆ ಒಳಗೆ ಹೋದರಂತೆ, ಚಿಲಕ ಹಾಕಿಕೊಂಡರಂತೆ, ಅದರ ಎದುರಿಗೆ ನಿಂತು ಸಮಾಧಾನವಾಗಿ ಮಾತಾಡಿ ಅದನ್ನು ಕಳಿಸಿದರಂತೆ. ಒಂದೊಂದು ವಾಕ್ಯವೂ ನಿಜ, ನಾನು ಯಾವುದನ್ನು ಅಲ್ಲಗಳೆಯಲಿ? ಮಕ್ಕಳು ನನ್ನನ್ನು ಕಂಡರೆ ದಾರಿ ಬಿಡತೊಡಗಿದರು. ಹೆಡ್‌ಮಾಸ್ಟರು ಕರೆದು, ‘ಮೇಡಂ, ನಿಮ್ಮಂಥ ಧೈರ್ಯವಂತರು ನಮ್ಮ ಶಾಲೆಗೆ ಬೇಕಾಗಿತ್ತು. ಆಟದ ಸಾಮಾನಿನ ಕೋಣೆಯನ್ನು ಹೋದ ವರ್ಷದಿಂದ ಯಾರೂ ತೆರೆದಿಲ್ಲ. ಒಳಗೆ ಏನೋ ಸದ್ದು ಕೇಳಿಸುತ್ತದೆ ಎನ್ನುತ್ತಾರೆ. ನೀವೇ ಒಮ್ಮೆ ನೋಡಿಬಿಡಿ’ ಎಂದು ಬೀಗದ ಕೈ ಕೊಟ್ಟರು.

ಅದನ್ನು ಕೈಯಲ್ಲಿ ಹಿಡಿದುಕೊಂಡು ಆ ಕೋಣೆಯ ಕಡೆಗೆ ನಡೆದೆ. ದಾರಿಯಲ್ಲಿ ಎರಡು ಸಲ ವಾಪಸು ತಿರುಗಿದೆ. ಆದರೂ ಅಭ್ಯಾಸ ಬಿಡುವುದುಂಟೇ? ನಿಂತು, ಉಸಿರೆಳೆದುಕೊಂಡು, ಒಂದು ಒಳ್ಳೆಯ ಯೋಚನೆ ಮಾಡಿದೆ: ಕರಾವಳಿಯ ಹವೆ, ಬೀಗ ತುಕ್ಕು ಹಿಡಿದು ತೆರೆಯದೆಯೇ ಇರಬಹುದು.