ಇಟಲಿ ಬೆಟ್ಟದೂರಿನ ಬಾಡಿಗೆಯಮ್ಮ

ದಿಬ್ಬೂರಹಳ್ಳೀಲಿ ನಮ್ಮನೆ ಮಹಡಿ ರೂಮಿಗೆ ಯಾರು ಬಾಡಿಗೆಗೆ ಬಂದ್ರೂ ನಗೋ ಅಂಥದ್ದು ಒಂದು ಆಗೇ ಆಗ್ತದೆ. ಈ ಸಲ ಬಂದಿದ್ದು ಇಟಲಿಯಮ್ಮ. ಇಟಲಿ ದಕ್ಷಿಣಕ್ಕೆ, ಬೆಟ್ಟದ ನೆತ್ತಿ ಮೇಲೆ ಅವ್ರೂರಂತೆ. ಒಂದು ಕಾಲಕ್ಕೆ ಅಲ್ಲೂ ಮನೆಮನೇಲಿ ರೇಷ್ಮೆ ಹುಳ ಸಾಕ್ತಿದ್ರಂತೆ. ಈಗ ಹಿಪ್ಪುನೇರಳೆ ಮರ ಉಳ್ಕೊಂಡವೆ, ಹುಳ ಇಲ್ಲ. ನಾವು ಹುಳ ಸಾಕೋದನ್ನ ನೋಡಕ್ಕೇ ಇಲ್ಲಿಗೆ ಬಂದವ್ಳೆ. ಅವಳ ಇಂಗ್ಲಿಷು ನನಗೆ ಬಿಡಿಸಿ ಹೇಳೋಳು ನನ್ನ ಸೊಸೆ, ಹೈಸ್ಕೂಲ್ ಟೀಚರ್ರು.

೧

"ಬೆಟ್ಟದ ಮೇಲ್ಯಾಕಮ್ಮ ಊರು ಕಟ್ಟಿದ್ರಿ?" ಅಂದೆ.

"ಸಮುದ್ರದಿಂದ ಕಳ್ಳರು ಬರ್ತಿದ್ರು. ಹೆದರಿ ಮೇಲಕ್ಕೆ ಹತ್ತಿದ್ರು."

"ಈಗ್ಲೂ ಬರ್ತಾರಾ?"

"ಇಲ್ಲ, ನಿಂತು ನೂರಾರು ವರ್ಷ ಆಯ್ತು."

"ಮತ್ತೆ ಕೆಳಗಿಳೀಬಾರ್ದಾ?"

"ಕೆಳಗಿನೂರೋರ ಜೊತೆ ಜಗಳ."

ಅವತ್ತೇ ಅಂದ್ಕೊಂಡೆ, ಇವ್ಳು ನಮ್ಮೋಳೇ.

೨

ಸಂಜೆಯಾದ್ರೆ ಅವ್ರೂರ ಹೆಂಗಸ್ರು ಬಾಗ್ಲಲ್ಲಿ ಕುರ್ಚಿ ಹಾಕ್ಕೊಂಡು, ಬೀದಿಗೆ ಬೆನ್ನು ಮಾಡಿ ಕೂತ್ಕೊಳ್ತಿದ್ರಂತೆ. ಬೀದಿ ನೋಡೋದು ಮರ್ಯಾದಸ್ಥರ ಲಕ್ಷಣ ಅಲ್ವಂತೆ.

ಕೂತಿದ್ದೋಳು ಎದ್ದು ನಿಂತೆ. "ಅಯ್ಯೋ ದೇವುಡಾ! ಯಾರು ಯಾರ ಮನೆಗೆ ಹೋದ್ರು ಅಂತ ತಿಳಿಯೋದೆಂಗೆ?"

"ಎದುರಿಗೆ ನಮ್ಮನೆ ಕಿಟಕಿ ಗಾಜಿರ್ತದಲ್ಲ, ಅದ್ರಲ್ಲಿ ಬೀದಿಯೆಲ್ಲ ಕಾಣ್ತದೆ."

ಹಬ್ಬಕ್ಕೂ ಒರೆಸದ ಕಿಟಕಿ ಗಾಜನ್ನ ಮಾರನೇ ದಿನ ಫಳಫಳ ಅನ್ನಿಸ್ದೆ.

೩

ಚಳಿಗಾಲ ಬಂತು. ಹಿಂದಿನ ರೇಷ್ಮೆ ಬೆಳೆ ಪೂರ್ತಿ ಹೋಗಿತ್ತು. ಇದೂ ಹೋದ್ರೆ ಹುಳದ ಮನೆಗೆ ಬೀಗ ಹಾಕೋದೇ ಅಂದಿದ್ರು ನಮ್ಮೆಜಮಾನ್ರು. ಹುಳದ ಮೊಟ್ಟೆ ಅಂಟಿರೋ ಹಾಳೆ ತಂದಿಟ್ಟಿದ್ವಿ, ಕರೆಂಟ್ ಹೋಗಿ ಹೀಟ್ರು ನಿಂತೋಯ್ತು. ಕಾವಿಲ್ದೆ ಮೊಟ್ಟೆ ಒಡೀತಾನೇ ಇಲ್ಲ.

ಇಟಲಿಯಮ್ಮ ಓಡಿ ಬಂದ್ಲು. "ನಮ್ಮಜ್ಜಿ ಮೊಟ್ಟೆ ಬಟ್ಟೇಲಿ ಸುತ್ತಿ ರವಿಕೆಯೊಳಗೆ ಇಟ್ಕೊಳ್ತಿದ್ರು. ಆದ್ರೆ ಯಾರನ್ನೂ ಬೈಬಾರ್ದು, ಜಗಳ ಆಡ್ಬಾರ್ದು. ಮೈ ಕಾದ್ರೆ ಮೊಟ್ಟೆ ಬೆಂದೋಗ್ತವೆ!"

ಸೊಸೆ ನಗು ತಡ್ಕೊಂಡು, "ಅತ್ತೆ, ಹಂಗಾದ್ರೆ ಮೊಟ್ಟೆ ಆಸೆ ಬಿಟ್ಬಿಡಿ," ಅಂದ್ಲು.

ಬಾಯಿಗೆ ಬಂದಿದ್ದನ್ನ ನುಂಗ್ಕೊಂಡೆ. ಮೊಟ್ಟೆ ಆಗ್ಲೇ ಎದೇಲಿತ್ತು.

ನೀರು ಬಿಡೋನು ಅರ್ಧ ಬಿಂದಿಗೆಗೇ ನಲ್ಲಿ ನಿಲ್ಲಿಸ್ದ, ನಕ್ಕೆ. ಪಕ್ಕದ್ಮನೆಯೋಳ ಕೋಳಿ ನನ್ನ ಕೊತ್ತಂಬರಿ ಕೆದರ್ತು. "ತಿನ್ಲಿ ಬಿಡು ತಾಯಿ," ಅಂದೆ. ಅವ್ಳು ಗಾಬರಿಯಾಗಿ, ನನಗೆ ಏನೋ ಆಗೋಗದೆ ಅಂತ ಎಳನೀರು ತಂದ್ಲು. ಮೊಟ್ಟೆ ಎದೇಲಿರೋಗಂಟ ಅತ್ತೆ ಬೈಯೋಹಂಗಿಲ್ಲ ಅಂತ ಸೊಸೆ ಅವಳ ಕಿವೀಲಿ ಹೇಳಿದ್ಲು.

ಒಂದು ಬೆಳಗ್ಗೆ ಬಟ್ಟೆ ಬಿಚ್ಚಿದ್ರೆ, ಕರ್ರಗೆ ಇರುವೆಯಂಗೆ ಮರಿಗಳು ಮಿಜಿಮಿಜಿ ಅಂತವೆ! ಇಟಲಿಯಮ್ಮನ್ನ ತಬ್ಕೊಂಡು ಅತ್ತೇಬಿಟ್ಟೆ. ಕಾಣದ ಆ ಅಜ್ಜಿಗೆ ದಿಕ್ಕು ಗೊತ್ತಿಲ್ದೇ ನಾಕೂ ಕಡೆ ತಿರುಗಿ ಕೈ ಮುಗಿದೆ. ಬೆಳೆ ಬಂಗಾರದಂಗೆ ಬಂತು.

ಗೂಡು ಮಾರ್ಕೆಟ್ಟಿಗೆ ಹೋದ ದಿನ, ಬೀದಿ ಹೆಂಗಸ್ರೆಲ್ಲ ಒಟ್ಟಾಗಿ ನಮ್ಮ ಬಾಗ್ಲಿಗೆ ಬಂದ್ರು. ಕೈಲಿ ಹೊಸಾ ಮೊಟ್ಟೆ ಹಾಳೆ.

"ಅಕ್ಕ, ಇದನ್ನೂ ಎದೇಲಿ ಇಟ್ಕೊಳಿ. ಇದು ಒಡೆಯೋಷ್ಟರಲ್ಲಿ ಇನ್ನೊಂದು ತಂದ್ಕೊಡ್ತೀವಿ."